ಕಜ್ಜಿ ಮಾತ್ರೆ, ಹಾರ್ಟ್ ಮಾತ್ರೆ

ನಾನು ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಹತ್ತಾರು ಸಲ ನಾನು ಕೇಳುವ ಪ್ರಶ್ನೆ ಒಂದೇ. "ಮನೇಲಿ ಬೇರೆ ಏನೇನು ಮಾತ್ರೆ ತಗೋತಿದೀರಿ?" ಉತ್ತರವೂ ಹೆಚ್ಚುಕಮ್ಮಿ ಒಂದೇ. "ಬಿಪಿದು, ಶುಗರ್‌ದು, ಒಂದು ಹಾರ್ಟ್ ಮಾತ್ರೆ. ಅಷ್ಟೇ." ಆ ಹಾರ್ಟ್ ಮಾತ್ರೆ ಆಸ್ಪಿರಿನ್ ಇರಬಹುದು, ಕೊಲೆಸ್ಟ್ರಾಲ್‌ದು ಇರಬಹುದು. ಎದೆಬಡಿತದ ಲಯ ಹಿಡಿದಿಡುವ ಅಮಿಯೋಡರೋನ್ ಕೂಡ ಇರಬಹುದು. ಅಮಿಯೋಡರೋನ್ ಅಂತ ಗೊತ್ತಾಗಿ, ಕೈಯಲ್ಲಿರುವ ಹೊಸ ಚೀಟಿಯಲ್ಲಿ ಫಂಗಸ್‌ಗೆ ನುಂಗುವ ಮಾತ್ರೆ ಬರೆದಿದ್ದರೆ, ನಾನು ಮಾತ್ರೆ ಎಣಿಸುವುದು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಈ ಜೋಡಿಯ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ತುರಿಕೆ ಅನ್ನುವುದು ನಮ್ಮ ಜನಕ್ಕೆ ಕಾಯಿಲೆಯ ಲೆಕ್ಕದಲ್ಲೇ ಇಲ್ಲ. ಹಾರ್ಟ್ ಡಾಕ್ಟರ್ ಮುಂದೆ ಕೂತಾಗ ತೊಡೆಸಂದಿಯ ಹುಳುಕಡ್ಡಿ ಬಗ್ಗೆ ಹೇಳಲು ನಾಚಿಕೆ. ಚರ್ಮದ ಡಾಕ್ಟರ್ ಮುಂದೆ ಕೂತಾಗ ಹಾರ್ಟ್ ವಿಷಯ ನೆನಪಿಗೇ ಬರುವುದಿಲ್ಲ. ಇಬ್ಬರೂ ತಮ್ಮ ಪಾಲಿಗೆ ಸರಿಯಾದ ಔಷಧಿಯನ್ನೇ ಬರೆದಿರುತ್ತಾರೆ. ಅಪಾಯ ಇರುವುದು ಆ ಎರಡು ಚೀಟಿಗಳು ಸೇರಿದಾಗ.

ಹುಳುಕಡ್ಡಿ ಈಗ ಮೊದಲಿನಂತಿಲ್ಲ. ಹಿಂದೆಲ್ಲ ಒಂದು ಟ್ಯೂಬ್ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದ ಎಲ್ಲ ಕಡೆ ಅದು ಹಟಮಾರಿಯಾಗಿದೆ. ಬಂದರೆ ತಿಂಗಳುಗಟ್ಟಲೆ ಇರುತ್ತದೆ, ಮನೆಮಂದಿಗೆಲ್ಲ ಹರಡುತ್ತದೆ. ಸ್ಟೆರಾಯ್ಡ್ ಬೆರೆಸಿದ ಕ್ರೀಮುಗಳನ್ನು ಯಾರನ್ನೂ ಕೇಳದೆ ಮಾರಿದ್ದು, ಹಚ್ಚಿದ್ದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹುಳುಕಡ್ಡಿ ತರುವ ಫಂಗಸ್ಸೇ ಬದಲಾಗಿದ್ದು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ತೆಗೆದ ಫಂಗಸ್ಸನ್ನು ಬೇರೆಯದೇ ಜಾತಿ ಎಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನೆ ಎಂದು ಕರೆದರು. ಇದಕ್ಕೆ ಟರ್ಬಿನಾಫಿನ್ ಮಾತ್ರೆ ಎಷ್ಟೋ ಸಲ ನಾಟುವುದಿಲ್ಲ. ಹಾಗಾಗಿ ಚರ್ಮದ ಡಾಕ್ಟರುಗಳು ಇಟ್ರಾಕೊನಜೋಲ್ ಕಡೆ ತಿರುಗಿದ್ದಾರೆ. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಕೆಲಸ ಮಾಡುವ ಔಷಧಿಯನ್ನೇ ಬರೆಯುತ್ತಿದ್ದಾರೆ. ಆದರೆ ಅದರಿಂದಾಗಿ ಹಿಂದೆ ಅಪರೂಪವಾಗಿದ್ದ ಒಂದು ಬಲವಾದ ಔಷಧಿ ಈಗ ಊರೂರಿನ ಮೆಡಿಕಲ್ ಶಾಪ್‌ಗಳಲ್ಲಿ ದಿನಾ ಕೈಬದಲಾಗುತ್ತಿದೆ.

ಇಟ್ರಾಕೊನಜೋಲ್, ಕೀಟೊಕೊನಜೋಲ್, ಫ್ಲುಕೊನಜೋಲ್, ವೊರಿಕೊನಜೋಲ್, ಪೊಸಾಕೊನಜೋಲ್. ಇವೆಲ್ಲ ಒಂದೇ ಮನೆತನ. ಫಂಗಸ್ ತನ್ನ ಹೊರಪೊರೆ ಕಟ್ಟಿಕೊಳ್ಳಲು ಎರ್ಗೊಸ್ಟೆರಾಲ್ ಎಂಬ ಕೊಬ್ಬು ಬೇಕು. ಅದನ್ನು ತಯಾರಿಸುವ ಕಿಣ್ವವೊಂದನ್ನು ಈ ಔಷಧಿಗಳು ಹೋಗಿ ಅಮುಕಿ ಹಿಡಿಯುತ್ತವೆ. ಪೊರೆ ಕಟ್ಟಲಾಗದೆ ಫಂಗಸ್ ಸೊರಗುತ್ತದೆ. ತೊಂದರೆ ಏನೆಂದರೆ, ಆ ಕಿಣ್ವದ ದಾಯಾದಿಗಳು ನಮ್ಮ ಲಿವರ್‌ನಲ್ಲೂ ಕರುಳಿನ ಗೋಡೆಯಲ್ಲೂ ಇವೆ. ಎಲ್ಲವೂ ಸೈಟೊಕ್ರೋಮ್ ಪಿ450 ಎಂಬ ಒಂದೇ ಕುಟುಂಬ. ಅದರಲ್ಲಿ ಮುಖ್ಯವಾದದ್ದು ಸಿವೈಪಿ3ಎ4. ನಾವು ನುಂಗುವ ಔಷಧಿಗಳಲ್ಲಿ ದೊಡ್ಡ ಪಾಲನ್ನು ಒಡೆದು ಹೊರಹಾಕುವುದು ಇದೇ. ಊರಿನ ಹಿಟ್ಟಿನ ಗಿರಣಿಯ ಕಲ್ಲಿಗೆ ಏನೋ ಸಿಕ್ಕಿಕೊಂಡರೆ ಎಲ್ಲರ ಮನೆಯ ಚೀಲವೂ ಅಲ್ಲೇ ಉಳಿಯುತ್ತದೆ ಅಲ್ವಾ, ಇಲ್ಲಿ ಆಗುವುದೂ ಅದೇ. ಫಂಗಸ್ ಮಾತ್ರೆ ಬಂದು ಕಲ್ಲು ನಿಲ್ಲಿಸುತ್ತದೆ. ಹಾರ್ಟ್ ಮಾತ್ರೆ ಒಡೆಯದೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ರೋಗಿ ನುಂಗಿದ್ದು ದಿನದ ಒಂದೇ ಮಾತ್ರೆ. ದೇಹಕ್ಕೆ ಅದು ಒಂದೂವರೆಯೋ ಎರಡೋ ಆಗಿರುತ್ತದೆ.

ಇಷ್ಟೇ ಆಗಿದ್ದರೆ ಡೋಸ್ ಕಡಿಮೆ ಮಾಡಿ ಸರಿದೂಗಿಸಬಹುದಿತ್ತು. ಇದರ ಜೊತೆ ಇನ್ನೊಂದು ತೊಡಕು ಇದೆ.

ಹೃದಯ ಒಂದು ಸಲ ಬಡಿದ ಮೇಲೆ ಅದರ ಜೀವಕೋಶಗಳು ಮುಂದಿನ ಬಡಿತಕ್ಕೆ ಸಜ್ಜಾಗಬೇಕು. ಅದಕ್ಕಾಗಿ ಪೊಟ್ಯಾಷಿಯಂ ಹೊರಗೆ ಹರಿಯಬೇಕು. ಆ ಹರಿವಿನ ದಾರಿ ಕಟ್ಟಿಕೊಂಡರೆ ಸಜ್ಜಾಗುವುದು ತಡವಾಗುತ್ತದೆ. ಈ ತಡವನ್ನು ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವಾಗಿ ಅಳೆಯುತ್ತಾರೆ. ಲಯ ಸರಿಪಡಿಸುವ ಕೆಲವು ಔಷಧಿಗಳು, ಅಮಿಯೋಡರೋನ್, ಸೊಟಲಾಲ್, ಕ್ವಿನಿಡಿನ್‌ನಂಥವು, ಕೆಲಸ ಮಾಡುವುದೇ ಈ ದಾರಿಯನ್ನು ಸ್ವಲ್ಪ ಕಟ್ಟುವ ಮೂಲಕ. ಅಷ್ಟು ತಡ ಬೇಕೆಂದೇ ಡಾಕ್ಟರ್ ಕೊಟ್ಟಿರುತ್ತಾರೆ. ಫ್ಲುಕೊನಜೋಲ್, ವೊರಿಕೊನಜೋಲ್ ತರಹದವು ತಾವಾಗಿಯೇ ಅದೇ ದಾರಿಯನ್ನು ಇನ್ನಷ್ಟು ಕಟ್ಟಬಲ್ಲವು. ಅಂದರೆ ಹಾರ್ಟ್ ಮಾತ್ರೆಯ ಮಟ್ಟವೂ ಏರಿತು, ಅದು ಮಾಡುವ ಕೆಲಸಕ್ಕೆ ಫಂಗಸ್ ಮಾತ್ರೆ ಕೈಯೂ ಜೋಡಿಸಿತು.

ಇಸಿಜಿ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡಿ. ಗುಲಾಬಿ ಬಣ್ಣದ ಚಿಕ್ಕ ಚೌಕಗಳು, ಐದೈದು ಸೇರಿ ಒಂದು ದೊಡ್ಡ ಚೌಕ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾಗಿ ಚಿಕ್ಕ ಚೌಕ ಅಂದರೆ 40 ಮಿಲಿಸೆಕೆಂಡ್, ದೊಡ್ಡದು 200. ನಾಡಿ ನಿಮಿಷಕ್ಕೆ 60ರ ಹತ್ತಿರ ಇರುವವರಲ್ಲಿ ಕ್ಯೂಟಿ ಸುಮಾರು ಎರಡು ದೊಡ್ಡ ಚೌಕ, ಅಂದರೆ 400. ನಾಡಿಯ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ಮೇಲೂ 500 ದಾಟಿದರೆ ಡಾಕ್ಟರುಗಳ ಮುಖ ಗಂಭೀರವಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಕಾಗದದ ಮೇಲೆ ಎರಡೂವರೆ ಮಿಲಿಮೀಟರ್. ಅಕ್ಕಿಕಾಳಿಗಿಂತ ಚಿಕ್ಕದು. ರೋಗಿಗೆ ಏನೂ ಅನ್ನಿಸುತ್ತಿರುವುದಿಲ್ಲ. ನೋವಿಲ್ಲ, ಉಸಿರು ಕಟ್ಟುವುದಿಲ್ಲ. ಅದಕ್ಕೇ ನನಗೆ ಇದರ ಬಗ್ಗೆ ಜಾಸ್ತಿ ಭಯ.

ತಡ ಮಿತಿ ಮೀರಿದಾಗ ಹೃದಯದ ಕೆಳಕೋಣೆಗಳಲ್ಲಿ ಒಂದು ಬಗೆಯ ಹುಚ್ಚು ಓಟ ಶುರುವಾಗಬಹುದು. ಇಸಿಜಿಯಲ್ಲಿ ಗೆರೆಗಳು ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ, ತಲೆ ಮೇಲಿದ್ದದ್ದು ಕೆಳಗಾಗಿ ತಿರುಚಿಕೊಳ್ಳುತ್ತವೆ. 1966ರಲ್ಲಿ ಫ್ರಾನ್ಸಿನ ಡಾಕ್ಟರ್ ದೆಸರ್ತೆನ್ ಇದನ್ನು ಮೊದಲು ವಿವರಿಸಿ ಟೊರ್ಸಾಡ್ ದ ಪ್ವಾಂತ್ ಎಂದು ಕರೆದರು. ಕೆಲವೇ ಸೆಕೆಂಡಿನಲ್ಲಿ ತಾನೇ ನಿಂತರೆ ರೋಗಿಗೆ ಕಣ್ಣು ಕತ್ತಲೆ ಕಟ್ಟಿ ತಲೆ ಸುತ್ತುತ್ತದೆ. ಇನ್ನೂ ಸ್ವಲ್ಪ ಮುಂದುವರಿದರೆ ಜ್ಞಾನ ತಪ್ಪುತ್ತದೆ. ನಿಲ್ಲದೇ ಹೋದರೆ ಪ್ರಾಣವೇ ಹೋಗುತ್ತದೆ.

ಫಂಗಸ್ ಮಾತ್ರೆ ಹೀಗೆಲ್ಲ ಮಾಡಬಹುದು ಅಂತ ಜಗತ್ತಿಗೆ ಸ್ಪಷ್ಟವಾಗಿ ಗೊತ್ತಾಗಿದ್ದು ಒಬ್ಬ ಹೆಣ್ಣುಮಗಳಿಂದ. ಅಮೆರಿಕದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಗೆ 39 ವರ್ಷದ ಆಕೆ ಬಂದಾಗ ಅದಾಗಲೇ ಕಣ್ಣು ಕತ್ತಲಿಟ್ಟು ಜ್ಞಾನ ತಪ್ಪಿದಂತೆ ಆಗಿತ್ತು. ಹೃದ್ರೋಗ ಏನೂ ಇರಲಿಲ್ಲ. ಶೀತ, ಅಲರ್ಜಿಗೆಂದು ಟರ್ಫೆನಡಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದರ ಮಧ್ಯೆ ಫಂಗಲ್ ಇನ್ಫೆಕ್ಷನ್ ಅಂತ ತಾವೇ ಕೀಟೊಕೊನಜೋಲ್ ಶುರು ಮಾಡಿಕೊಂಡಿದ್ದರು. ಆಸ್ಪತ್ರೆಯಲ್ಲಿ ಅಳೆದ ಕ್ಯೂಟಿ 655 ಮಿಲಿಸೆಕೆಂಡ್. ಆಮೇಲೆ ಇಸಿಜಿಯಲ್ಲಿ ಆ ತಿರುಚಿದ ಗೆರೆಗಳೇ ಕಾಣಿಸಿಕೊಂಡವು. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ವರದಿ ಬಂತು.

ಟರ್ಫೆನಡಿನ್ ಅಂದರೆ ಆಗ ಸೆಲ್ಡೇನ್ ಹೆಸರಿನಲ್ಲಿ ಲಕ್ಷಾಂತರ ಜನ ಸುಮ್ನೆ ನುಂಗುತ್ತಿದ್ದ, ನಿದ್ದೆ ಬರಿಸದ ಅಲರ್ಜಿ ಮಾತ್ರೆ. ನುಂಗಿದ್ದರಲ್ಲಿ ಬಹುಪಾಲು ಕರುಳು ಮತ್ತು ಲಿವರ್ ದಾಟುವಷ್ಟರಲ್ಲೇ ಸಿವೈಪಿ3ಎ4ನಿಂದ ನಿರಪಾಯದ ಇನ್ನೊಂದು ರೂಪಕ್ಕೆ ಬದಲಾಗುತ್ತಿತ್ತು. ಮೂಲ ರೂಪ ರಕ್ತದಲ್ಲಿ ಸಿಗುತ್ತಲೇ ಇರಲಿಲ್ಲ ಅನ್ನಬಹುದು. ಕೀಟೊಕೊನಜೋಲ್ ಆ ದಾರಿ ಮುಚ್ಚಿದಾಗ ಮೂಲ ರೂಪ ನೇರವಾಗಿ ಹೃದಯ ತಲುಪಿತು. ಅದು ಹೃದಯದ ಪೊಟ್ಯಾಷಿಯಂ ದಾರಿಯನ್ನು ಕ್ವಿನಿಡಿನ್‌ನಂತೆಯೇ ಕಟ್ಟುತ್ತದೆ ಅಂತ ರೇಮಂಡ್ ವೂಸ್ಲಿ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದರು. ಕ್ವಿನಿಡಿನ್ ಹಳೆಯ ಲಯದ ಔಷಧಿ. ಅದನ್ನು ತೆಗೆದುಕೊಂಡವರು ಇದ್ದಕ್ಕಿದ್ದಂತೆ ಕುಸಿದು ಬೀಳುವುದು ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಅಲರ್ಜಿ ಮಾತ್ರೆ ಅಂತ ನುಂಗಿದ್ದು ಆಕೆಯ ಮೈಯಲ್ಲಿ ಲಯದ ಔಷಧಿಯಾಗಿ ವರ್ತಿಸಿತ್ತು. ಟರ್ಫೆನಡಿನ್ ಬದಲಾಗುವ ಆ ನಿರಪಾಯದ ರೂಪವನ್ನೇ ಬೇರೆ ಮಾತ್ರೆಯಾಗಿ ಮಾಡಿದರು. ಅದು ಫೆಕ್ಸೊಫೆನಡಿನ್, 1996ರಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ನಮ್ಮ ಊರಲ್ಲೂ ಸೀನು, ಗಂದೆಗೆ ಕೊಡುತ್ತಾರಲ್ಲ, ಅದೇ. ಸೆಲ್ಡೇನ್ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು.

ಆಕೆಯ ಕತೆಯನ್ನು ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಆರೋಗ್ಯವಾಗಿದ್ದ ಹೃದಯಕ್ಕೇ ಹಾಗಾದರೆ, ಮೊದಲೇ ಲಯ ತಪ್ಪಿದ ಹೃದಯದ ಗತಿ ಏನು?

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. ಎಪ್ಪತ್ತರ ಆಸುಪಾಸಿನ ರೈತರು, ಸೊಸೆಯ ಜೊತೆ ಬಂದಿದ್ದರು. ಹೊರಗಿನ ಕ್ಲಿನಿಕ್ಕಿನ ಚೀಟಿ. ಇಟ್ರಾಕೊನಜೋಲ್ 100, ಬೆಳಗ್ಗೆ ಒಂದು ರಾತ್ರಿ ಒಂದು, ಒಂದು ತಿಂಗಳು. ನಾನು ಮಾಮೂಲಿ ಪ್ರಶ್ನೆ ಕೇಳಿದೆ. ಸೊಸೆ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಕೌಂಟರ್ ಮೇಲೆ ಸುರಿದರು. ಕತ್ತರಿಸಿದ ಸ್ಟ್ರಿಪ್ಪುಗಳ ರಾಶಿ. ಐದು ಮಾತ್ರೆ, ಮೂರು ಮಾತ್ರೆ ಅಂತ ಕತ್ತರಿಸಿ ಕೊಟ್ಟಿದ್ದರಿಂದ ಎಷ್ಟೋ ತುಂಡುಗಳ ಮೇಲೆ ಹೆಸರೇ ಇರಲಿಲ್ಲ. ಒಂದರಲ್ಲಿ ಹೆಸರಿನ ಕೊನೆಯ ಮೂರ್ನಾಲ್ಕು ಅಕ್ಷರ, ಪಕ್ಕದಲ್ಲಿ 200 ಅಂತಷ್ಟೇ ಉಳಿದಿತ್ತು. ಅದು ಅಮಿಯೋಡರೋನ್. ಇನ್ನೊಂದು ಡಿಜಾಕ್ಸಿನ್, ಅದೂ ಹಾರ್ಟ್ ಮಾತ್ರೆಯೇ. "ಇದನ್ನ ಶನಿವಾರ ಭಾನುವಾರ ಬಿಟ್ಟು ಕೊಡಿ ಅಂದಿದಾರೆ ಅಕ್ಕಾ" ಅಂದರು ಸೊಸೆ. ಜೊತೆಗೆ ಮೂತ್ರ ಹೋಗುವ ಮಾತ್ರೆ ಫ್ಯುರೊಸೆಮೈಡ್.

ನಾನು ಫೋನ್ ಎತ್ತಿಕೊಂಡಿದ್ದು ಕಂಡು ಯಜಮಾನರಿಗೆ ಅಸಮಾಧಾನ. "ಅದು ಹಾರ್ಟಿಂದು ಕಣಮ್ಮಾ, ಇದು ಬರೀ ಕಜ್ಜಿ ಮಾತ್ರೆ. ಇದಕ್ಕೂ ಅದಕ್ಕೂ ಏನು ಸಂಬಂಧ?"

"ಯಜಮಾನ್ರೇ, ಎರಡೂ ಹೋಗೋದು ಒಂದೇ ಲಿವರ್‌ಗೆ. ಒಂದು ಹತ್ತು ನಿಮಿಷ ಕೂತ್ಕೊಳಿ" ಅಂದೆ.

ಆ ಕವರ್‌ನಲ್ಲಿ ಏನೇನಿತ್ತು ನೋಡಿ. ಅಮಿಯೋಡರೋನ್ ಮಟ್ಟವನ್ನು ಇಟ್ರಾಕೊನಜೋಲ್ ಏರಿಸಬಲ್ಲದು. ಡಿಜಾಕ್ಸಿನ್ ಲಿವರ್‌ನಲ್ಲಿ ಅಷ್ಟಾಗಿ ಒಡೆಯುವುದಿಲ್ಲ. ಅದನ್ನು ಜೀವಕೋಶಗಳಿಂದ ಹೊರಗೆ ತಳ್ಳುವ ಒಂದು ಪಂಪ್ ಇದೆ, ಪಿ-ಗ್ಲೈಕೊಪ್ರೋಟೀನ್ ಅಂತ. ಆ ಪಂಪನ್ನು ಅಮಿಯೋಡರೋನ್ ಅದಾಗಲೇ ನಿಧಾನ ಮಾಡಿರುತ್ತದೆ, ಈಗ ಇಟ್ರಾಕೊನಜೋಲ್ ಬಂದು ಇನ್ನಷ್ಟು ನಿಲ್ಲಿಸುತ್ತದೆ. ಡಿಜಾಕ್ಸಿನ್ ಏರಿದರೆ ಊಟ ಸೇರದು, ವಾಂತಿ ಬರುತ್ತದೆ, ಕಣ್ಣಿಗೆ ಹಳದಿ ಹಳದಿ ಕಾಣುತ್ತದೆ, ನಾಡಿ ಕುಸಿಯುತ್ತದೆ. ಮನೆಯವರು ಅದನ್ನು ಪಿತ್ತ ಅಂದುಕೊಳ್ಳುತ್ತಾರೆ. ಫ್ಯುರೊಸೆಮೈಡ್ ಮೂತ್ರದ ಜೊತೆ ಪೊಟ್ಯಾಷಿಯಂ, ಮೆಗ್ನೀಷಿಯಂ ಎರಡನ್ನೂ ಕಳೆಯುತ್ತದೆ. ಅವು ಕಡಿಮೆಯಾದ ಮೈಯಲ್ಲೇ ಟೊರ್ಸಾಡ್ ಸುಲಭವಾಗಿ ಶುರುವಾಗುವುದು, ಡಿಜಾಕ್ಸಿನ್ ವಿಷವಾಗುವುದೂ ಅಲ್ಲೇ. ಇದೆಲ್ಲ ಸಾಲದು ಅಂತ, ಇಟ್ರಾಕೊನಜೋಲ್ ಹೃದಯದ ಹಿಂಡುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಹಾರ್ಟ್ ಫೇಲ್ಯೂರ್ ಇರುವವರಿಗೆ ಉಗುರಿನ ಫಂಗಸ್‌ಗೆಂದು ಇದನ್ನು ಕೊಡಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲೇ ಎಚ್ಚರಿಸಿತ್ತು. ಅವರ ಕಾಲಿನಲ್ಲಿ ಬಾವು ಇತ್ತು.

ಕ್ಲಿನಿಕ್ಕಿನ ಡಾಕ್ಟರ್ ಫೋನಿನಲ್ಲಿ ಸಿಕ್ಕರು. ಪಟ್ಟಿ ಓದಿ ಹೇಳಿದಾಗ ಒಂದು ಕ್ಷಣವೂ ವಾದ ಮಾಡಲಿಲ್ಲ. "ಹಾರ್ಟ್ ಮಾತ್ರೆ ಅಂದಿದ್ರು, ಇಷ್ಟಿದೆ ಅಂತ ಗೊತ್ತಿರಲಿಲ್ಲ. ಕೊಡಬೇಡಿ." ಇಟ್ರಾಕೊನಜೋಲ್ ಬಿಟ್ಟು ಹಚ್ಚುವ ಮುಲಾಮು ಬರೆದರು, ಅದೂ ಚಾಚೂ ತಪ್ಪದೆ ವಾರಗಟ್ಟಲೆ. ನಮ್ಮಲ್ಲಿ ಇಸಿಜಿ ತೆಗೆದರು, ಪೊಟ್ಯಾಷಿಯಂ ನೋಡಿದರು. ತುರಿಕೆ ಹೋಗಲು ಬಹಳ ಸಮಯ ಹಿಡಿಯಿತು. ಯಜಮಾನರು ಬಂದಾಗಲೆಲ್ಲ ನನ್ನನ್ನು ನೋಡಿ ಗೊಣಗುತ್ತಿದ್ದರು. ಆ ಗೊಣಗಾಟ ನನಗೆ ಬೇಸರ ತರಿಸಲೇ ಇಲ್ಲ.

ಟರ್ಬಿನಾಫಿನ್ ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ಅದು ಸಿವೈಪಿ3ಎ4 ತಂಟೆಗೆ ಹೋಗುವುದಿಲ್ಲ, ನಿಜ. ಆದರೆ ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವವನ್ನು ಹಿಡಿಯುತ್ತದೆ. ಮೆಟೊಪ್ರೊಲಾಲ್, ಪ್ರೊಪಫಿನೋನ್, ಫ್ಲೆಕೈನೈಡ್ ಎಂಬ ಹಾರ್ಟ್ ಮಾತ್ರೆಗಳು ಒಡೆಯುವುದು ಅಲ್ಲೇ. ಅವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರಲ್ಲಿ ನಾಡಿ ನಿಧಾನವಾಗಬಹುದು. ಇವರಿಗೆ ಅದು ನಡೆಯುತ್ತಿತ್ತೇನೋ. ಮೊದಲು ಮುಲಾಮು ನೋಡೋಣ ಅಂತ ಡಾಕ್ಟರ್ ಹೇಳಿದರು. ಎಲ್ಲರಿಗೂ ಒಂದೇ ಸುರಕ್ಷಿತ ಮಾತ್ರೆ ಅಂತ ಇಲ್ಲ. ಯಾರ ಕವರ್‌ನಲ್ಲಿ ಏನಿದೆ ಅನ್ನುವುದರ ಮೇಲೆ ಅದು ನಿಂತಿದೆ.

ತುರಿಕೆಯಲ್ಲಾದರೆ ಕಾಯಬಹುದು. ಕಾಯಲಾಗದ ಫಂಗಸ್ ಕೂಡ ಇದೆ. 2021ರ ಮೇ, ಜೂನ್ ತಿಂಗಳುಗಳನ್ನು ಕರ್ನಾಟಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಯಾರೂ ಮರೆಯಲಾರರು. ಕೋವಿಡ್‌ನಿಂದ ಬದುಕಿ ಬಂದವರ ಮೂಗು, ಕಣ್ಣು, ದವಡೆಗೆ ಬ್ಲಾಕ್ ಫಂಗಸ್ ಹತ್ತಿತ್ತು. ಶುಗರ್ ಜಾಸ್ತಿ, ಮೇಲೆ ಸ್ಟೆರಾಯ್ಡ್. ಅದಕ್ಕೆ ಕೊಡುವ ಇಂಜೆಕ್ಷನ್ ಲೈಪೋಸೋಮಲ್ ಆಂಫೊಟೆರಿಸಿನ್‌ನ ವಯಲ್‌ಗಾಗಿ ಮನೆಯವರು ಜಿಲ್ಲೆಯಿಂದ ಜಿಲ್ಲೆಗೆ ಅಲೆದರು. ಆ ಔಷಧಿ ಹೃದಯದ ಲಯದ ಮೇಲೆ ಬೇರೆ ದಾರಿಯಿಂದ ಬರುತ್ತದೆ. ಕಿಡ್ನಿಯಿಂದ ಪೊಟ್ಯಾಷಿಯಂ, ಮೆಗ್ನೀಷಿಯಂ ಸೋರಿಹೋಗುವಂತೆ ಮಾಡುತ್ತದೆ. ಬೆಳಗಿನ ರಕ್ತದ ರಿಪೋರ್ಟ್ ಬಂದ ತಕ್ಷಣ ಸಿಸ್ಟರ್‌ಗಳು ಮೊದಲು ನೋಡುತ್ತಿದ್ದದ್ದು ಪೊಟ್ಯಾಷಿಯಂ ಎಷ್ಟಿದೆ ಅಂತ. ಆಮೇಲೆ ಮಾತ್ರೆಗೆ ಬದಲಿಸುವಾಗ ಪೊಸಾಕೊನಜೋಲ್. ಅದು ಕ್ಯೂಟಿಯನ್ನು ಹಿಗ್ಗಿಸುವುದೂ ಹೌದು, ಸಿವೈಪಿ3ಎ4 ಅನ್ನು ಬಲವಾಗಿ ಹಿಡಿಯುವುದೂ ಹೌದು. ಅಂಥ ರೋಗಿಗೆ ಐಸಿಯುನಲ್ಲಿ ಲಯ ತಪ್ಪಿ ಅಮಿಯೋಡರೋನ್ ಶುರುವಾಗಿದ್ದರೆ ಏನು ಮಾಡುತ್ತೀರಿ? ಫಂಗಸ್ ಬಿಟ್ಟರೆ ಜೀವ ಉಳಿಯದು. ಆಗ ಎರಡನ್ನೂ ಕೊಡಬೇಕಾಗುತ್ತದೆ, ಮಾನಿಟರ್ ಮೇಲೆ ಕಣ್ಣಿಟ್ಟು, ಪೊಟ್ಯಾಷಿಯಂ ತುಂಬಿಸುತ್ತಾ. ಐಸಾವುಕೊನಜೋಲ್ ಅಂತ ಒಂದಿದೆ, ಅದು ಕ್ಯೂಟಿಯನ್ನು ಹಿಗ್ಗಿಸುವ ಬದಲು ಕುಗ್ಗಿಸುತ್ತದೆ. ಕೈಗೆ ಸಿಕ್ಕರೆ, ದುಡ್ಡಿದ್ದರೆ ಒಳ್ಳೆಯ ದಾರಿ. ಹಾಗಾಗಿ ಈ ಎರಡು ಮಾತ್ರೆ ಯಾವತ್ತೂ ಸೇರಬಾರದು ಅಂತ ನಾನು ಹೇಳುತ್ತಿಲ್ಲ. ಯಾರೂ ನೋಡದೆ ಸೇರಬಾರದು.

ನಾಲ್ಕೈದು ಜೋಡಿಗಳ ವಿಷಯದಲ್ಲಿ ಮಾತ್ರ ಯೋಚನೆಯೇ ಬೇಡ, ಪೂರಾ ನಿಷೇಧ. ಇಟ್ರಾಕೊನಜೋಲ್ ಜೊತೆ ಕ್ವಿನಿಡಿನ್, ಡೊಫೆಟಿಲೈಡ್, ಡ್ರೊನೆಡರೋನ್, ಡೈಸೊಪಿರಮೈಡ್ ಎಂಬ ಲಯದ ಔಷಧಿಗಳು ಕೂಡದು. ಅಮೆರಿಕದಲ್ಲಿರುವ ನಮ್ಮವರ ತಂದೆತಾಯಿ ಅಲ್ಲಿ ಡೊಫೆಟಿಲೈಡ್ ಶುರು ಮಾಡಿಸಿಕೊಂಡು ಊರಿಗೆ ಬರುವುದುಂಟು. ಇಲ್ಲಿನ ಡಾಕ್ಟರಿಗೆ ಆ ಹೆಸರು ದಿನಾ ಕಾಣುವಂಥದ್ದಲ್ಲ. ಅಂಥವರು ಡಬ್ಬಿಯನ್ನೇ ತೋರಿಸುವುದು ಒಳ್ಳೆಯದು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಕ್ಯೂಟಿ ಹಿಗ್ಗಿಸುವುದು ಫಂಗಸ್ ಮಾತ್ರೆ ಒಂದೇ ಅಲ್ಲ. ಜ್ವರ, ಕೆಮ್ಮಿಗೆ ಬರೆಯುವ ಅಜಿತ್ರೊಮೈಸಿನ್, ವಾಂತಿಗೆ ಒಂಡಾನ್ಸೆಟ್ರಾನ್, ಗ್ಯಾಸ್ ಮಾತ್ರೆಯ ಜೊತೆ ಬೆರೆತು ಬರುವ ಡೊಂಪೆರಿಡೋನ್, ಇವೆಲ್ಲ ಅದೇ ದಾರಿಯವು. ಫಂಗಸ್ ಮಾತ್ರೆ ನುಂಗಿ ಹೊಟ್ಟೆ ಕೆಟ್ಟಿತು ಅಂತ ಅಂಗಡಿಗೆ ಹೋಗಿ ವಾಂತಿ ಮಾತ್ರೆ ಕೇಳುತ್ತಾರೆ. ವಾಂತಿ ಭೇದಿಯಿಂದ ಪೊಟ್ಯಾಷಿಯಂ ಅದಾಗಲೇ ಇಳಿದಿರುತ್ತದೆ. ವಯಸ್ಸಾದ ಹೆಂಗಸರಲ್ಲಿ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಹೆಣ್ಣುಮಕ್ಕಳ ಕ್ಯೂಟಿ ಸಹಜವಾಗಿಯೇ ಸ್ವಲ್ಪ ಉದ್ದ.

ಇದನ್ನು ಹಿಡಿಯಬೇಕಾದವರು ಯಾರು? ನನ್ನ ಪ್ರಕಾರ ಕೌಂಟರಿನ ಈಚೆ ನಿಂತ ನಾವು. ಎರಡೂ ಚೀಟಿ ಒಟ್ಟಿಗೆ ಬರುವ ಜಾಗ ಇದೊಂದೇ. 2008ರಲ್ಲಿ ದೇಶದಲ್ಲಿ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಶುರುವಾಗಿ ಆರು ವರ್ಷ ಓದಿದ ಹುಡುಗ ಹುಡುಗಿಯರು ಹೊರಬರುತ್ತಿದ್ದಾರೆ. ಅವರು ಕಲಿತದ್ದೇ ಇದು. ಅವರನ್ನು ಬಿಲ್ಲಿಂಗ್‌ಗೆ ಕೂರಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಇರುವ ತುಂಡನ್ನು ರೋಗಿಗೆ ಕೊಡುವುದು, ಇಲ್ಲದಿದ್ದರೆ ಕವರ್ ಮೇಲೆ ಪೆನ್ನಿನಲ್ಲಿ ಬರೆಯುವುದು, ಇಷ್ಟನ್ನಾದರೂ ಎಲ್ಲ ಅಂಗಡಿಗಳೂ ಮಾಡಬಹುದು. ಖರ್ಚೇನೂ ಇಲ್ಲ.

ಓದುತ್ತಿರುವ ನಿಮ್ಮ ಮನೆಯಲ್ಲಿ ಇಂಥ ಜೋಡಿ ಇದ್ದರೆ ದಯವಿಟ್ಟು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಲಯದ ಮಾತ್ರೆ ಬಿಟ್ಟರೆ ಅದೇ ಬೇರೆ ಅಪಾಯ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎರಡೂ ಹೆಸರು ಓದಿ ಹೇಳಿ, ಇಸಿಜಿ ಬೇಕಾ ಕೇಳಿ. ಕಣ್ಣು ಕತ್ತಲೆ ಕಟ್ಟಿದರೆ, ಎದೆ ಡವಡವ ಅಂತ ಓಡಿ ತಲೆ ಸುತ್ತಿದರೆ, ಜ್ಞಾನ ತಪ್ಪಿದರೆ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಔಷಧಿಯಿಂದ ತೊಂದರೆ ಆಗಿದೆ ಅನ್ನಿಸಿದರೆ ರೋಗಿಯೇ ವರದಿ ಮಾಡಲು ಭಾರತ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024.

ಮಾತ್ರೆಗಳ ಪಟ್ಟಿ ಬರೆದಿಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದಕ್ಕೆ ಒಂದು ಸೇರಿಸುತ್ತೇನೆ: ನಿಲ್ಲಿಸಿದ ಮಾತ್ರೆಯನ್ನೂ, ನಿಲ್ಲಿಸಿದ ದಿನಾಂಕವನ್ನೂ ಬರೆಯಿರಿ. ಇಟ್ರಾಕೊನಜೋಲ್ ಬಿಟ್ಟ ಮೇಲೂ ಒಂದೆರಡು ವಾರ ಅದರ ಹಿಡಿತ ಇರುತ್ತದೆ. ಅಮಿಯೋಡರೋನ್ ಕೊಬ್ಬಿನಲ್ಲಿ, ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಸೇರಿ ಕೂತಿರುತ್ತದೆ. ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ವಾರಗಳು ಬೇಕು, ಕೆಲವರಲ್ಲಿ ತಿಂಗಳುಗಳೇ ಬೇಕು. "ಆ ಹಾರ್ಟ್ ಮಾತ್ರೆ ಯುಗಾದಿಗೇ ಬಿಟ್ವಲ್ಲ" ಅಂತ ಆಷಾಢದಲ್ಲಿ ಬಂದು ಹೇಳಿದರೂ, ಫಂಗಸ್ ಮಾತ್ರೆ ಕೊಡುವ ಮೊದಲು ನಾನು ಅದನ್ನು ಇನ್ನೂ ನುಂಗುತ್ತಿರುವವರ ಲೆಕ್ಕದಲ್ಲೇ ಇಟ್ಟು ಡಾಕ್ಟರಿಗೆ ಫೋನ್ ಮಾಡುತ್ತೇನೆ.